ಕ್ಷಯದ ಕೈಗೆ ಸಿಕ್ಕ ಲಗಾಮು

ಕ್ಷಯದ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದ ಕೂಡಲೇ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ ಅದನ್ನು ನುಂಗುತ್ತದೆ. ನುಂಗಿದ್ದನ್ನು ಒಂದು ಪೊರೆಯ ಚೀಲದಲ್ಲಿ ಕಟ್ಟಿಹಾಕಿ, ಆಮ್ಲವನ್ನೂ ಕಿಣ್ವಗಳನ್ನೂ ಸುರಿದು ಕರಗಿಸುವುದು ಅದರ ಕಸುಬು. ಬಹುಪಾಲು ಸೂಕ್ಷ್ಮಜೀವಿಗಳ ಕಥೆ ಅಲ್ಲಿಗೆ ಮುಗಿಯುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಕಿಣ್ವಗಳ ಚೀಲ ತಾನಿರುವ ಚೀಲಕ್ಕೆ ಬೆಸೆದುಕೊಳ್ಳದಂತೆ ತಡೆದು, ತನ್ನನ್ನು ನುಂಗಿದ ಕೋಶದೊಳಗೇ ಸಂಸಾರ ಹೂಡುತ್ತದೆ.

ರಾಬರ್ಟ್ ಕಾಖ್ ಈ ಬ್ಯಾಕ್ಟೀರಿಯಾವನ್ನು ಲೋಕಕ್ಕೆ ತೋರಿಸಿದ್ದು 1882ರಲ್ಲಿ. ಅದರ ಮೊಂಡುತನವನ್ನು ಅರಿಯಲು ನೆರವಾದ ಒಂದು ಸುಳಿವು ಸಿಕ್ಕಿದ್ದು 1993ರಲ್ಲಿ, ಅದೂ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಆ ಹುಳುವಿನ ಬೆಳವಣಿಗೆಯನ್ನು ಅಭ್ಯಸಿಸುತ್ತಿದ್ದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ಎಳೆ ಕಂಡಿತು. 2024ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು.

ಡಿಎನ್‌ಎಯಲ್ಲಿರುವ ಆದೇಶ ಸಂದೇಶವಾಹಕ ಆರ್‌ಎನ್‌ಎ ಆಗಿ ನಕಲಾಗುತ್ತದೆ. ಆ ನಕಲನ್ನು ಓದಿ ಕೋಶ ಪ್ರೋಟೀನ್ ಕಟ್ಟುತ್ತದೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋಆರ್‌ಎನ್‌ಎ ಆ ಸಂದೇಶದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಏಳೆಂಟು ಅಕ್ಷರಗಳು ಹೊಂದಿಕೆಯಾದರೂ ಸಾಕು, ಸಂದೇಶ ಓದಿಸಿಕೊಳ್ಳದೆ ಉಳಿಯುತ್ತದೆ ಅಥವಾ ಚೂರಾಗುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಇಂಥ ಲಗಾಮು ಬೇಕೇ ಬೇಕು. ಕ್ಷಯದಲ್ಲಿ ಶ್ವಾಸಕೋಶ ಟೊಳ್ಳಾಗುವುದಕ್ಕೆ ನಮ್ಮದೇ ಉರಿಯೂತದ ಅತಿರೇಕವೂ ದೊಡ್ಡ ಕಾರಣ.

ಆ ಲಗಾಮಿಗೇ ಕ್ಷಯ ಕೈ ಹಾಕುತ್ತದೆ. ಮೈಕ್ರೋಆರ್‌ಎನ್‌ಎ-33 ಅನ್ನೇ ನೋಡಿ. ಕೊಲೆಸ್ಟೆರಾಲ್ ಮತ್ತು ಕೊಬ್ಬಿನ ಲೆಕ್ಕ ನೋಡಿಕೊಳ್ಳುವುದು ಇದರ ನಿತ್ಯದ ಕೆಲಸ. ಕ್ಷಯದ ಸೋಂಕು ತಗುಲಿದ ಮ್ಯಾಕ್ರೋಫೇಜ್‌ನಲ್ಲಿ ಇದರ ಪ್ರಮಾಣ ಏರುತ್ತದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಹಾಗೆ ಏರಿದಾಗ ಎರಡು ಸಂಗತಿಗಳು ಒಟ್ಟಿಗೇ ನಡೆಯುತ್ತವೆ. ಕೋಶ ತನ್ನೊಳಗಿನ ಕಸವನ್ನು, ಅಡಗಿದ ಬ್ಯಾಕ್ಟೀರಿಯಾವನ್ನೂ ಸೇರಿಸಿ, ಅರಗಿಸಿಕೊಳ್ಳುವ ಆಟೋಫೇಜಿ ಕುಂಠಿತವಾಗುತ್ತದೆ. ಉರಿದುಹೋಗಬೇಕಿದ್ದ ಕೊಬ್ಬು ಹನಿಹನಿಯಾಗಿ ಕೋಶದಲ್ಲೇ ಕೂಡಿಕೊಳ್ಳುತ್ತದೆ. ಆ ಕೊಬ್ಬೇ ಬ್ಯಾಕ್ಟೀರಿಯಾದ ಆಹಾರ. ಕೊಲ್ಲುವ ಕತ್ತಿಯನ್ನು ಮೊಂಡಾಗಿಸಿ, ಕೊಲ್ಲಬೇಕಾದವನ ಕಣಜದಿಂದಲೇ ಉಣ್ಣುವ ಈ ಚಾತುರ್ಯ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ರಕ್ತಕೋಶಗಳಲ್ಲಿ ಮೈಕ್ರೋಆರ್‌ಎನ್‌ಎ-33 ಇಲ್ಲದ ಇಲಿಗಳ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಕಡಿಮೆಯಿತ್ತು.

ದೇಹವೂ ಸುಮ್ಮನೆ ಕೂರುವುದಿಲ್ಲ. ಮ್ಯಾಕ್ರೋಫೇಜ್‌ಗಳನ್ನು ಹುರಿದುಂಬಿಸುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನಿನ ಸಂದೇಶವನ್ನು ಮೈಕ್ರೋಆರ್‌ಎನ್‌ಎ-29 ಅದುಮಿಡುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ದುರ್ಬಲ ಸಂಬಂಧಿಯಾದ ಬಿಸಿಜಿಯ ಸೋಂಕು ತಗುಲಿದ ಇಲಿಗಳಲ್ಲಿ, ಸೋಂಕಿನ ವಿರುದ್ಧ ಹೋರಾಡುವ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಇದನ್ನು ತಾವೇ ತಗ್ಗಿಸಿಕೊಂಡು ಇಂಟರ್‌ಫೆರಾನ್‌ಗೆ ದಾರಿ ಬಿಡುತ್ತವೆ ಎಂದು 2011ರಲ್ಲೇ ಗೊತ್ತಾಗಿತ್ತು.

ಹಾಗಾದರೆ ಬ್ಯಾಕ್ಟೀರಿಯಾಕ್ಕೆ ನೆರವಾಗುವ ಮೈಕ್ರೋಆರ್‌ಎನ್‌ಎಯನ್ನು ಔಷಧದಿಂದ ಕಟ್ಟಿಹಾಕಿದರಾಯಿತಲ್ಲ? ಈ ಆಸೆಗೆ ಒಳ್ಳೆಯ ಆಧಾರವಿದೆ. ಪ್ರತಿಜೀವಕಗಳು ಬ್ಯಾಕ್ಟೀರಿಯಾದ ಮೇಲೆ ಎರಗುತ್ತವೆ. ಅದು ತನ್ನ ವಂಶವಾಹಿಯನ್ನು ಬದಲಿಸಿಕೊಂಡು ಪಾರಾಗುತ್ತದೆ. ನಮ್ಮ ಕೋಶವನ್ನೇ ಸರಿಪಡಿಸುವ ಔಷಧದಿಂದ ಹಾಗೆ ನುಣುಚಿಕೊಳ್ಳುವುದು ಅದಕ್ಕೆ ಕಷ್ಟ. ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಔಷಧನಿರೋಧಕ ಕ್ಷಯದಿಂದ ನರಳುವವರಿಗೆ ಇಂಥದ್ದೊಂದು ದಾರಿ ತೆರೆಯಲೇಬೇಕು.

ಆದರೆ ಮೈಕ್ರೋಆರ್‌ಎನ್‌ಎ-155ರ ನಡವಳಿಕೆ ನಮ್ಮನ್ನು ಎಚ್ಚರಿಸುತ್ತದೆ. ಇಲಿಗಳಲ್ಲಿ ಇದು ಸೋಂಕಿತ ಮ್ಯಾಕ್ರೋಫೇಜ್‌ಗಳ ಆಯುಷ್ಯ ಹೆಚ್ಚಿಸಿ ಬ್ಯಾಕ್ಟೀರಿಯಾದ ಬಿಡಾರವನ್ನು ಕಾಯುತ್ತದೆ. ಇದೇ ಎಳೆ ಟಿ-ಕೋಶಗಳಲ್ಲಿ ಅವುಗಳ ಆಯುಷ್ಯವನ್ನೂ ಹೆಚ್ಚಿಸಿ, ಅದೇ ಬ್ಯಾಕ್ಟೀರಿಯಾದ ವಿರುದ್ಧ ಹೋರಾಡಲು ಬಲ ಕೊಡುತ್ತದೆ. ಇಡೀ ದೇಹದಲ್ಲಿ ಇದನ್ನು ಅಳಿಸಿಹಾಕಿದರೆ ಬಿಡಾರದ ಜೊತೆಗೆ ಸೈನ್ಯವೂ ಸೊರಗುತ್ತದೆ. ಔಷಧ ಮ್ಯಾಕ್ರೋಫೇಜ್‌ಗೆ ತಲುಪಬೇಕು, ಪಕ್ಕದಲ್ಲೇ ಇರುವ ಟಿ-ಕೋಶವನ್ನು ಮುಟ್ಟಬಾರದು.