ನಿಮ್ಮ ಲಾಗಿನ್ ಯಾರಿಗೂ ಕೊಡಬೇಡಿ

ತುಮಕೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್, ನೆಟ್‌ವರ್ಕ್ ಎರಡನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಲ್ಯಾಬ್ ಗೋಡೆಯ ಮೇಲೆ ನಿಯಮಗಳ ದೊಡ್ಡ ಪಟ್ಟಿಯೇ ಇದೆ. ತಿಂಡಿ ತರಬೇಡಿ, ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ, ಸಿನಿಮಾ ಇಳಿಸಿಕೊಳ್ಳಬೇಡಿ. ಇವನ್ನೆಲ್ಲ ಮಕ್ಕಳು ಹೆಚ್ಚುಕಮ್ಮಿ ಪಾಲಿಸುತ್ತಾರೆ. ಎಷ್ಟು ಹೇಳಿದರೂ ತಲೆಗೆ ಹೋಗದಿರುವುದು ಒಂದೇ: ನಿಮ್ಮ ಲಾಗಿನ್ ಇನ್ನೊಬ್ಬರಿಗೆ ಕೊಡಬೇಡಿ.

ಯಾಕೆ ಕೊಟ್ಟೆ ಅಂತ ಕೇಳಿದರೆ, "ನನ್ನ ಅಕೌಂಟ್‌ನಲ್ಲಿ ಕದಿಯೋಕೆ ಏನಿದೆ ಸರ್?" ಅನ್ನುತ್ತಾರೆ. ಏನೂ ಇಲ್ಲ, ನಿಜ. ಎರಡು ಅಸೈನ್‌ಮೆಂಟ್, ನಾಲ್ಕು ಫೋಟೋ ಇರಬಹುದು. ಆದರೆ ಆ ಲಾಗಿನ್‌ನಲ್ಲಿ ನಡೆಯುವುದೆಲ್ಲ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದಲ್ಲ, ನನಗೆ ಭಯ ಇರುವುದು ಅದಕ್ಕೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಂಪಸ್ ಒಳಗೆ ಪ್ರತಿ ಕಂಪ್ಯೂಟರ್, ಮೊಬೈಲ್‌ಗೆ ಬೇರೆ ಬೇರೆ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಇರುತ್ತದೆ. ಹೊರಗಿನವರಿಗೆ ಮಾತ್ರ ಸಾಮಾನ್ಯವಾಗಿ ಇವೆಲ್ಲ ಒಂದೋ ಎರಡೋ ವಿಳಾಸದಿಂದ ಬಂದ ಹಾಗೆ ಕಾಣುತ್ತವೆ. ಯಾರೋ ಲ್ಯಾಬ್‌ನಲ್ಲಿ ಕೂತು ಒಬ್ಬ ಹುಡುಗಿಯ ಹೆಸರಲ್ಲಿ ನಕಲಿ ಇನ್‌ಸ್ಟಾಗ್ರಾಮ್ ಖಾತೆ ತೆರೆದರು ಅಂದುಕೊಳ್ಳಿ. ಪೊಲೀಸರು ಹುಡುಕುತ್ತಾ ಬಂದರೆ ಕಾಲೇಜಿನ ವಿಳಾಸಕ್ಕೆ ಬಂದು ನಿಲ್ಲುತ್ತಾರೆ. ಆಗ ನಾವು ನೆಟ್‌ವರ್ಕ್‌ಗೆ ಕಾವಲಿರುವ ಫೈರ್‌ವಾಲ್‌ನ ಲಾಗ್, ಅಂದರೆ ಅದು ಬರೆದಿಟ್ಟ ದಾಖಲೆ, ತೆಗೆಯುತ್ತೇವೆ. ಆ ಹೊತ್ತಿನಲ್ಲಿ, ಆ ಕಂಪ್ಯೂಟರ್‌ನಲ್ಲಿ ಯಾವ ಲಾಗಿನ್ ಇತ್ತು ಅನ್ನುವುದು ಅದರಲ್ಲಿ ಸಿಗುತ್ತದೆ. ಕುರ್ಚಿಯಲ್ಲಿ ಕೂತಿದ್ದವರು ಯಾರು ಅನ್ನುವುದು ಸಿಗುವುದಿಲ್ಲ. ಲಾಗಿನ್ ನಿಮ್ಮದಾದರೆ ಮೊದಲು ಕರೆಸುವುದು ನಿಮ್ಮನ್ನೇ. "ನಾನಲ್ಲ" ಅಂತ ತೋರಿಸಿಕೊಡುವ ಕಷ್ಟವೂ ನಿಮ್ಮದೇ. ಇಂಥ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಸೂಚನೆ ಕೊಟ್ಟಿದೆ. ತಿಂಗಳಾಯಿತು, ಅಳಿಸಿ ಹೋಗಿರುತ್ತೆ ಅಂದುಕೊಳ್ಳಬೇಡಿ.

ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ನೀವಾಗಿ ಕೊಟ್ಟಿದ್ದರೆ ಏನಾಗುತ್ತದೆ ಅನ್ನುವುದು ಆಯಾ ಪ್ರಕರಣಕ್ಕೆ ಬಿಟ್ಟದ್ದು. ಅದನ್ನು ವಕೀಲರನ್ನೇ ಕೇಳಬೇಕು.

ವಿಷಯ ಪೊಲೀಸರವರೆಗೆ ಹೋಗುವುದು ಅಪರೂಪ. ಕೊರಟಗೆರೆ ಕಡೆಯಿಂದ ಬಸ್ಸಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಲೈಬ್ರರಿಯ ಇ-ಜರ್ನಲ್ ಲಾಗಿನ್ನನ್ನು ಗೆಳತಿಗೆ ಕೊಟ್ಟಿದ್ದಳು. ಅದು ಗೆಳತಿಯ ಅಣ್ಣನ ಕೈಗೆ ಹೋಯಿತು. ಅವನು ಯಾವುದೋ ಸಾಫ್ಟ್‌ವೇರ್ ಹಾಕಿ ರಾತ್ರಿಯೆಲ್ಲ ಸಂಚಿಕೆಗಟ್ಟಲೆ ಲೇಖನ ಇಳಿಸಿಕೊಂಡ. ಹೀಗೆ ಮಾಡಿದ್ದು ಕಂಡರೆ ಪ್ರಕಾಶಕರು ಕೆಲವೊಮ್ಮೆ ಇಡೀ ಸಂಸ್ಥೆಗೇ ಬಾಗಿಲು ಹಾಕುತ್ತಾರೆ. ಹಾಗೇ ಆಯಿತು. ಪ್ರಾಜೆಕ್ಟ್ ಒಪ್ಪಿಸುವ ಸಮಯ ಬೇರೆ. "ನಾನೇನೂ ಮಾಡಿಲ್ಲ ಸರ್" ಅಂತ ಅತ್ತಳು. "ಗೊತ್ತು ಕಣಮ್ಮ, ಲಾಗ್‌ನಲ್ಲಿ ನಿನ್ನ ಹೆಸರೇ ಇದೆಯಲ್ಲ" ಅಂದೆ. ಅವಳ ಕ್ಲಾಸಿನವರಿಗೆಲ್ಲ ಅವಳ ಮೇಲೆ ಸಿಟ್ಟು. ಪಾಪ, ಅದೇ ಅವಳಿಗೆ ಜಾಸ್ತಿ ನೋವಾಗಿದ್ದು.

ನಮ್ಮ ಮಕ್ಕಳು ಊಟದ ಡಬ್ಬಿ ಹಂಚಿಕೊಂಡ ಹಾಗೆ ಪಾಸ್‌ವರ್ಡನ್ನೂ ಹಂಚಿಕೊಳ್ಳುತ್ತಾರೆ. ಪಾವಗಡ, ಮಧುಗಿರಿ, ಶಿರಾದಿಂದ ಬಂದವರು ಒಂದೇ ವಾರದಲ್ಲಿ ಅಕ್ಕತಂಗಿಯರ ಹಾಗಾಗುತ್ತಾರೆ. ಆ ಸ್ನೇಹ ನೋಡಿದರೆ ಬೈಯಲು ಮನಸ್ಸೇ ಬರುವುದಿಲ್ಲ.

ಸೈಬರ್ ಸೆಂಟರ್‌ನಲ್ಲೂ ಇದೇ ಕಥೆ. ವಿಶ್ವವಿದ್ಯಾಲಯಗಳ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಪರೀಕ್ಷೆ ಅರ್ಜಿ, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಕೊನೇ ದಿನ ಓಡುತ್ತಾರೆ. ಅಂಗಡಿಯವರ ನೋಟ್‌ಬುಕ್‌ನಲ್ಲಿ ಪಾಸ್‌ವರ್ಡ್ ಬರೆಸಿ ಬರುತ್ತಾರೆ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆ ನೋಟ್‌ಬುಕ್ ಕೌಂಟರ್ ಮೇಲೆ ಬಿದ್ದಿರುತ್ತದೆ, ಅಲ್ವಾ? ಅರ್ಜಿ ತುಂಬಿಸಿಕೊಳ್ಳಿ, ಪಾಸ್‌ವರ್ಡ್ ಮಾತ್ರ ನೀವೇ ಟೈಪ್ ಮಾಡಿ. ಎದ್ದು ಬರುವಾಗ ಲಾಗೌಟ್ ಮಾಡಿ. ಬರೀ ವಿಂಡೋ ಮುಚ್ಚಿದರೆ ಸಾಲದು.

ಗೆಳೆಯರಿಗೆ ಅರ್ಜೆಂಟ್ ಇದ್ದರೆ ಲ್ಯಾಬ್‌ಗೆ ಕಳಿಸಿ. ಪಾಸ್‌ವರ್ಡ್ ಮರೆತವರಿಗೆ ಹೊಸದು ಮಾಡಿಕೊಡಲು ಐದು ನಿಮಿಷ ಸಾಕು. ಅದಕ್ಕೆ ನಾವ್ಯಾರೂ ಬೈಯುವುದಿಲ್ಲ. ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ ಇವತ್ತೇ ಬದಲಿಸಿ. ಮೇಷ್ಟ್ರುಗಳೂ ಅಷ್ಟೆ. ಇಂಟರ್ನಲ್ಸ್ ಅಂಕ ತುಂಬಲು ನಿಮ್ಮ ಲಾಗಿನ್ನನ್ನು ಕ್ಲಾಸಿನ ಜಾಣ ಹುಡುಗನಿಗೆ ಕೊಡಬೇಡಿ. ನಾಳೆ ಒಂದು ಅಂಕ ಹೆಚ್ಚುಕಮ್ಮಿಯಾದರೆ ಆ ಹುಡುಗನೂ ಸಿಕ್ಕಿಬೀಳುತ್ತಾನೆ.