ಸುಲಭವಾದದ್ದೇ ಇಷ್ಟವಾಗುತ್ತದೆಯೇ?

ಜನ ಗಣಕವನ್ನು ಹೇಗೆ ಬಳಸುತ್ತಾರೆ ಎಂದು ನೋಡುವ ವಿಷಯ ಮಾನವ–ಗಣಕ ಸಂವಹನ. ಅದರ ಈ ಪಾಠ ನನಗೆ ತಿಳಿಯಾದದ್ದು ತರಗತಿಯಲ್ಲಲ್ಲ, ದಾವಣಗೆರೆಯ ಜಯದೇವ ವೃತ್ತದ ಬಳಿಯ ಒಂದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿನ ಅಕ್ಕ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದರು. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಸಾಕು. ಒತ್ತಕ್ಷರ ಕೂಡಿಸುವುದು ಎಫ್. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಬರೆದು ಕನ್ನಡ ಪಡೆಯುವವನು. ನನಗೆ ಏಳು ಕೀಲಿ ಬೇಕು. ಆದರೂ ನನಗೆ ನನ್ನದೇ ಇಷ್ಟ, ಏಕೆಂದರೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನೀವೂ ಹೀಗೆ ಬರೆಯಬಹುದಲ್ಲ ಎಂದು ಅಕ್ಕನನ್ನು ಕೇಳಿದೆ. “ಅದರಲ್ಲಿ ನನ್ನ ಕೈ ಓಡುವುದಿಲ್ಲ ತಮ್ಮಾ” ಎಂದರು.

ಇಬ್ಬರೂ ‘ಸುಲಭ’ ಎಂದೇ ಹೇಳುತ್ತಿದ್ದೇವೆ. ನನ್ನದು ಮೊದಲ ದಿನದ ಸುಲಭ, ಅವರದು ಕೈ ಪಳಗಿದ ಮೇಲಿನ ಸುಲಭ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಬರೆಯದಿದ್ದರೆ ಉತ್ತರ ಅರ್ಧವೇ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಹಿಡಿದ ಸಮಯ, ಆದ ತಪ್ಪುಗಳನ್ನು ಅಳೆಯಬಹುದು. ಇಷ್ಟವನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. 1994ರಲ್ಲಿ ಸಂಶೋಧಕರಾದ ನೀಲ್ಸನ್ ಮತ್ತು ಲೆವಿ ಇಂಥ 57 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಚೆನ್ನಾಗಿ ಕೆಲಸ ಸಾಗಿದ ವ್ಯವಸ್ಥೆಯನ್ನೇ ಜನ ಬಹುತೇಕ ಮೆಚ್ಚಿದ್ದರು. ಆದರೆ ಕೆಲಸ ಅಷ್ಟು ಚೆನ್ನಾಗಿ ಸಾಗದ ವ್ಯವಸ್ಥೆಯನ್ನೇ ಮೆಚ್ಚಿದ ಉದಾಹರಣೆಗಳೂ ಹಲವಿದ್ದವು.

ಹಾಗೇಕೆ? 1995ರಲ್ಲಿ ಜಪಾನಿನ ಸಂಶೋಧಕರಾದ ಕುರೊಸು ಮತ್ತು ಕಾಶಿಮುರಾ ಎಟಿಎಂ ಪರದೆಯ 26 ವಿನ್ಯಾಸಗಳನ್ನು 252 ಜನರಿಗೆ ತೋರಿಸಿದರು. ‘ಬಳಸಲು ಸುಲಭ’ ಎಂದು ಜನರಿಗೆ ಅನಿಸಿದ್ದು ನಿಜವಾದ ಸುಲಭತೆಗಿಂತ ಹೆಚ್ಚಾಗಿ ಅಂದದ ಜೊತೆ ಹೊಂದುತ್ತಿತ್ತು. ಗಮನಿಸಿ, ಅವರು ಯಂತ್ರ ಬಳಸಿರಲಿಲ್ಲ, ನೋಡಿದ್ದರು ಅಷ್ಟೇ. ನೋಟಕ್ಕೆ ಸುಲಭ ಎನಿಸುವುದೇ ಬೇರೆ, ಹಣ ತೆಗೆಯುವಾಗ ಸುಲಭವಾಗುವುದೇ ಬೇರೆ.

ಇದಕ್ಕೂ ಮೊದಲೇ, 1989ರಲ್ಲಿ, ಡೇವಿಸ್ ಎಂಬ ಸಂಶೋಧಕರು ಇನ್ನೊಂದು ಮಾತು ಹೇಳಿದ್ದರು: ಜನ ಒಂದು ವ್ಯವಸ್ಥೆಯನ್ನು ಬಳಸುವುದಕ್ಕೆ ಸುಲಭತೆಗಿಂತ ಉಪಯುಕ್ತತೆಯೇ ಬಲವಾದ ಕಾರಣ. ಅಂಗಡಿಯ ಅಕ್ಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆಯೊಳಗೆ ಪತ್ರಿಕೆ ಮುದ್ರಣಕ್ಕೆ ಹೋಗಬೇಕು.

ನಿಮ್ಮ ಪ್ರಾಜೆಕ್ಟಿನಲ್ಲಿ ಎರಡು ಪರದೆ ಹೋಲಿಸುವುದಾದರೆ ಚಿತ್ರ ತೋರಿಸಿ ‘ಯಾವುದು ಇಷ್ಟ’ ಎಂದು ಕೇಳಬೇಡಿ. ಮೊದಲು ಕೆಲಸ ಮಾಡಿಸಿ. ಅರ್ಧ ಜನರಿಗೆ ಮೊದಲನೆಯದನ್ನು, ಉಳಿದರ್ಧಕ್ಕೆ ಎರಡನೆಯದನ್ನು ಮುಂಚೆ ಕೊಡಿ. ಸಾಧ್ಯವಾದರೆ ಒಂದು ವಾರ ಬಳಸಿದ ಮೇಲೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ, ಎರಡೂ ಉತ್ತರಗಳನ್ನು ಪಕ್ಕಪಕ್ಕದಲ್ಲಿ ಬರೆದಿಡಿ.