ಲಾಡಿಹುಳು: ಕರುಳಿನಿಂದ ಮಿದುಳಿನವರೆಗೆ

ಹಂದಿಯ ನಾಲಿಗೆ ಮತ್ತು ಮಾಂಸದಲ್ಲಿ ಕಾಣುವ ಕಾಳಿನಂಥ ಗುಳ್ಳೆಗಳ ಬಗ್ಗೆ ಅರಿಸ್ಟಾಟಲ್ ಬರೆದಿದ್ದಾನೆ. ಮನುಷ್ಯರ ಕರುಳಿನಲ್ಲಿ ಬೆಳೆಯುವ ಮೀಟರುಗಟ್ಟಲೆ ಉದ್ದದ ಲಾಡಿಹುಳುವೂ ಆಗಿನವರಿಗೆ ಗೊತ್ತಿತ್ತು. ಇವೆರಡೂ ಒಂದೇ ಜೀವಿಯ ಎರಡು ಅವಸ್ಥೆಗಳೆಂದು ಸಾಬೀತಾಗಲು ಮಾತ್ರ ಎರಡು ಸಾವಿರ ವರ್ಷ ಬೇಕಾಯಿತು. ಹುಳುಗಳು ದೇಹದೊಳಗೆ ತಾವಾಗಿಯೇ ಹುಟ್ಟಿಕೊಳ್ಳುತ್ತವೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

1850ರ ದಶಕದಲ್ಲಿ ಜರ್ಮನ್ ವೈದ್ಯ ಕ್ಯೂಖನ್‌ಮೈಸ್ಟರ್, ಮರಣದಂಡನೆಗೆ ಗುರಿಯಾಗಿದ್ದ ಕೈದಿಗೆ ತಿಳಿಸದೆಯೇ ಆಹಾರದಲ್ಲಿ ಹಂದಿಯ ಗುಳ್ಳೆಗಳನ್ನು ಬೆರೆಸಿಕೊಟ್ಟ. ಶಿಕ್ಷೆಯಾದ ಬಳಿಕ ಶವ ಕೊಯ್ದು ನೋಡಿದಾಗ ಕರುಳಿನಲ್ಲಿ ಎಳೆಯ ಲಾಡಿಹುಳುಗಳಿದ್ದವು. ಸತ್ಯ ಸಿಕ್ಕಿತು ನಿಜ, ಆದರೆ ಈ ಕ್ರೌರ್ಯವನ್ನು ಆ ಕಾಲದವರೇ ಖಂಡಿಸಿದ್ದರು. ಅದನ್ನು ಇಂದಿಗೂ ಮನ್ನಿಸಲಾಗದು.

ಸರಿಯಾಗಿ ಬೇಯದ ಹಂದಿಮಾಂಸದೊಂದಿಗೆ ಗುಳ್ಳೆ ಹೊಟ್ಟೆಗಿಳಿದರೆ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಇದರಿಂದ ತೊಂದರೆ ಸಾಮಾನ್ಯವಾಗಿ ಕಡಿಮೆ. ನಿಜವಾದ ಅಪಾಯ ಮೊಟ್ಟೆಗಳದ್ದು. ಹುಳುವಿರುವವರ ಮಲದಿಂದ ಅವು ನೀರು, ತರಕಾರಿ, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತವೆ. ಒಡೆದು ಹೊರಬಂದ ಮರಿ ರಕ್ತದೊಂದಿಗೆ ಸ್ನಾಯು, ಕಣ್ಣು, ಮಿದುಳಿಗೆ ಹೋಗಿ ಅಲ್ಲಿ ಗುಳ್ಳೆಯಾಗುತ್ತದೆ. ಹಾಗಾಗಿ ಮಾಂಸವನ್ನೇ ಮುಟ್ಟದವರಿಗೂ ಈ ರೋಗ ಬರುತ್ತದೆ. ಇದನ್ನು ಮಾಂಸಾಹಾರಿಗಳ ಕಾಯಿಲೆ ಎಂದು ತಳ್ಳಿಹಾಕುವವರು ಈ ಮಾತನ್ನು ಕೇಳಿಸಿಕೊಳ್ಳಲೇಬೇಕು. (ದನದ ಲಾಡಿಹುಳು ಮನುಷ್ಯರಲ್ಲಿ ಇಂಥ ಗುಳ್ಳೆ ಮಾಡುವುದಿಲ್ಲ.)

1930ರ ದಶಕದಲ್ಲಿ, ಭಾರತದಲ್ಲಿದ್ದು ಮರಳಿದ ಬ್ರಿಟಿಷ್ ಸೈನಿಕರಲ್ಲಿ ಕಾಣಿಸಿಕೊಂಡ ಮೂರ್ಛೆರೋಗಕ್ಕೆ ಈ ಗುಳ್ಳೆಗಳೇ ಕಾರಣವೆಂದು ಸೇನಾ ವೈದ್ಯರು ಗುರುತಿಸಿದರು. ಸೋಂಕು ತಗುಲಿ ವರ್ಷಗಳಾದ ಮೇಲೆ ಫಿಟ್ಸ್ ಬರುವುದರಿಂದ ಕೊಂಡಿ ಹುಡುಕುವುದು ಕಷ್ಟವಾಗಿತ್ತು. 1970ರ ದಶಕದಲ್ಲಿ ಸಿಟಿ ಸ್ಕ್ಯಾನ್ ಬಂದ ಮೇಲೆ ಜೀವಂತ ರೋಗಿಯ ಮಿದುಳಿನ ಗುಳ್ಳೆಗಳೇ ಕಣ್ಣಿಗೆ ಬಿದ್ದವು. ಸೋಂಕು ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಸುಮಾರು ಶೇ. 30ರಷ್ಟು ಮೂರ್ಛೆರೋಗಕ್ಕೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಾಯಿಯ ಲಾಡಿಹುಳುವಿನ ಕಥೆ ಬೇರೆ. ಅದು ಕುರಿ ಮತ್ತು ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲಿ ದೊಡ್ಡ ಗುಳ್ಳೆ ಬೆಳೆಸುತ್ತದೆ. 19ನೆಯ ಶತಮಾನದಲ್ಲಿ ಇದರಿಂದ ತತ್ತರಿಸಿದ್ದ ಐಸ್‌ಲ್ಯಾಂಡ್, ನಾಯಿಗಳಿಗೆ ಔಷಧಿ ಹಾಕಿ, ಕುರಿಯ ಗುಳ್ಳೆಗಳು ಅವುಗಳ ಬಾಯಿಗೆ ಬೀಳದಂತೆ ತಡೆದು ರೋಗವನ್ನೇ ಇಲ್ಲವಾಗಿಸಿತು.

ಹಂದಿಯ ಹುಳುವಿನ ವಿಷಯದಲ್ಲೂ ಇದು ಅಸಾಧ್ಯವಲ್ಲ. ಪೆರುವಿನ ಟುಂಬೆಸ್ ಪ್ರದೇಶದಲ್ಲಿ ಜನರಿಗೂ ಹಂದಿಗಳಿಗೂ ಒಟ್ಟಿಗೆ ಔಷಧಿ ಕೊಟ್ಟು, ಹಂದಿಗಳಿಗೆ ಲಸಿಕೆಯನ್ನೂ ಹಾಕಿ ಹರಡುವಿಕೆಯನ್ನು ನಿಲ್ಲಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಜನರಿಗೆ ಕೊಟ್ಟದ್ದು ನಿಕ್ಲೋಸಮೈಡ್. ಅದು ಕರುಳಿನಲ್ಲೇ ಉಳಿಯುತ್ತದೆ. ರಕ್ತಕ್ಕೆ ಸೇರುವ ಇನ್ನೊಂದು ಔಷಧಿ ಪ್ರಾಜಿಕ್ವಾಂಟೆಲ್ ಆದರೆ, ಮಿದುಳಿನಲ್ಲಿ ಸದ್ದಿಲ್ಲದೆ ಇರುವ ಗುಳ್ಳೆಗಳನ್ನು ಕೆಣಕಿ ಫಿಟ್ಸ್ ತರಿಸಬಹುದು.